ನುಚ್ಚಿಗೆ ಉಪ್ಪೋ, ಬೆಲ್ಲೋ?

ಇವತ್ತ ಮುಂಜಾನಿ ಗೋಕಾಕದ ತವರಮನಿಯೊಳಗ ಜೋಳದ ನುಚ್ಚು ಕುದಿಯೋ ವಾಸನಿ ಬಂತ ನೋಡ್ರಿ, ನಾ ಮತ್ತ ಸಾಲಿ ಹುಡುಗಿ ಆಗಿಬಿಟ್ಟೆ!

ಆಗ ನಮ್ಮನ್ಯಾಗ ದಿನಾ ಇದೊಂದ ಜಗಳ. ಮೂಡಲಗಿ ಕಡೆಯ ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ನುಚ್ಚಿಗೆ ಬೆಲ್ಲಾ ಹಾಕ್ಕೊಂಡು, "ಉಪ್ಪಿನ ನುಚ್ಚು ಜಡ್ಡಿನವರಿಗೆ" ಅನ್ನಾಕಿ. ಹುಕ್ಕೇರಿಯಿಂದ ಸೊಸಿಯಾಗಿ ಬಂದ ನಮ್ಮವ್ವ ಉಪ್ಪು, ಮಜ್ಜಿಗಿ ಕಲಸ್ಕೊಂಡು, "ಸಿಹಿ ನುಚ್ಚು ಹಲ್ಲಿಲ್ಲದವರಿಗ್ರಿ ಅತ್ತಿ" ಅನ್ನಾಕಿ. ನಡುವ ನಾ, ಇಬ್ಬರ ಬಟ್ಟಲದಾಗೂ ನನ್ನ ಕೈ!

ಒಮ್ಮೆ ಅವ್ವ ಬಾಣಂತನಕ್ಕ ಹುಕ್ಕೇರಿಗೆ ಹೋದ್ಲು. ಮರುದಿನ ಅಡಗಿಮನಿಗೆ ಓಡಿ ಹೋಗಿ ನೋಡ್ತೇನಿ, ಆಯಿ ಒಲಿ ಮುಂದ ಕುಂತು ನುಚ್ಚಿಗೆ ಮಜ್ಜಿಗಿ ಸುರಕೊಂಡು ಉಪ್ಪು ಉದುರಿಸಾಕತ್ತಾಳ!

"ಇದೇನಬೇ ಆಯಿ? ಬೆಲ್ಲಾ ಎಲ್ಲಿ?" ಅಂದೆ.

ಆಯಿ ಮುಖ ಆ ಕಡೆ ತಿರುವಿದ್ಲು. "ಸುಮ್ನಿರ. ಆಕಿ ಬರೂತನಕ ಮನ್ಯಾಗ ಆಕಿ ಕಡೆಯವರು ಯಾರರ ಬ್ಯಾಡಾ?"

ಆಯಿ ಈಗಿಲ್ಲ. ಇವತ್ತ ನನ್ನ ಮಗಳ ಬಟ್ಟಲಕ್ಕ ಬೆಲ್ಲಾ ಪುಡಿ ಮಾಡಿ ಹಾಕಿದಾಕಿ ನಮ್ಮವ್ವ! ಮ್ಯಾಲೆ, "ಉಪ್ಪಿನ ನುಚ್ಚು ಜಡ್ಡಿನವರಿಗೆ" ಅಂದ್ಲು.

ನಾ ಬಿಡತೇನೇನು? ಉಪ್ಪಿನ ಡಬ್ಬಿ ಎಳಕೊಂಡೆ. "ಸಿಹಿ ನುಚ್ಚು ಹಲ್ಲಿಲ್ಲದವರಿಗೆ ಬೇ ಅವ್ವಾ!"