ಪಟ್ಟಿ ಹೇಳಿದ ವೇಗ

ಮೊನ್ನೆ ಬೀರು ಖಾಲಿ ಮಾಡುವಾಗ ಹಳೆಯ ಶಾಲಿನ ಮಡಿಕೆಯಿಂದ ಒಂದು ಕಪ್ಪು ರಬ್ಬರ್ ಪಟ್ಟಿ ಕೆಳಗೆ ಬಿತ್ತು. ಮೂಗಿನ ಹತ್ತಿರ ಹಿಡಿದೆ. ನಂಬುತ್ತೀರೋ ಇಲ್ಲವೋ, ಬೆವರು, ಕಬ್ಬಿಣ, ಸೀಮೆಸುಣ್ಣದ ಪುಡಿಯ ವಾಸನೆ ಇನ್ನೂ ಅದರಲ್ಲಿತ್ತು. ಮುಂಗೈಗೆ ಕಟ್ಟಿಕೊಂಡು ಭಾರ ಎತ್ತಿದರೆ, ಎಷ್ಟು ವೇಗವಾಗಿ ಎತ್ತಿದಿರಿ ಎಂದು ಫೋನಿನಲ್ಲಿ ತೋರಿಸುವ ಪಟ್ಟಿ ಅದು.

ನಾನಾಗ ತುಮಕೂರಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದೆ. ಸೊಂಟನೋವಿಗೆ ವ್ಯಾಯಾಮವೇ ಮದ್ದು ಎಂದು ಡಾಕ್ಟರು ಹೇಳಿದ್ದರಿಂದ ಅಂತರಸನಹಳ್ಳಿ ಕಡೆಯ ರುದ್ರೇಶ್ ಸಾರ್ ಜಿಮ್ಮಿಗೆ ಸೇರಿದೆ. ಸೀರೆ ಬಿಟ್ಟು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡ ಮೊದಲ ದಿನ ಕನ್ನಡಿಗೆ ಬೆನ್ನು ತಿರುಗಿಸಿಯೇ ನಿಂತಿದ್ದೆ. ರುದ್ರೇಶ್ ಸಾರ್ ಕುಣಿಗಲ್‌ನವರು, ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಅವರ ಅಚ್ಚುಮೆಚ್ಚಿನ ಶಿಷ್ಯೆ ಆಫ್ರೀನ್, ಗುಬ್ಬಿಯ ಬಳೆ ಅಂಗಡಿಯವರ ಮಗಳು. ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದರಲ್ಲಿ ಗಟ್ಟಿಗಿತ್ತಿ.

ಒಂದು ಸಲ ಅವಳ ಮಂಡಿಗೆ ಪೆಟ್ಟಾಯಿತು. ವಾಸಿಯಾಗಿ ಬಂದ ಮೇಲೆ ಸಾರ್ ಒಂದು ಕಟ್ಟುಪಾಡು ಹಾಕಿದರು: "ಏಳೋದು ನಿಧಾನ ಆಯ್ತು ಅಂದ್ರೆ ಅಲ್ಲಿಗೆ ನಿಲ್ಸೋದು ಕಣಮ್ಮ." ವೇಗ ನೋಡಿಕೊಳ್ಳಲೆಂದು ಪಟ್ಟಿಯನ್ನು ತಾವೇ ತಂದು ಅವಳ ಕೈಗೆ ಕಟ್ಟಿದರು. ಮನೆಗೆ ಹೋಗುವಾಗಲೂ ಅವಳು ಅದನ್ನು ಬಿಚ್ಚುತ್ತಿರಲಿಲ್ಲ.

ರಾಜ್ಯಮಟ್ಟದ ಸ್ಪರ್ಧೆ ಹತ್ತಿರವಾದಾಗ ಜಿಮ್ಮಿಗೆ ಇನ್ನೊಂದು ಯಂತ್ರ ಬಂತು. ಕಬ್ಬಿಣದ ಸರಳಿಗೆ ದಾರ ಕಟ್ಟಿ, ಅದು ಎಷ್ಟು ಬೇಗ ಮೇಲೆ ಹೋಯಿತೆಂದು ಹೇಳುವ ಡಬ್ಬಿ. ಪಟ್ಟಿ ಶಹಬ್ಬಾಸ್ ಎಂದ ಭಾರಕ್ಕೆ ಡಬ್ಬಿ ನಿಧಾನ ಎಂದಿತು.

"ಡಬ್ಬಿನೇ ಸುಳ್ಳು ಹೇಳ್ತಿದೆ ಸಾರ್," ಎಂದಳು ಆಫ್ರೀನ್.

ಸಾರ್ ನನ್ನ ಕಡೆ ತಿರುಗಿದರು. "ಮೇಡಂ, ನೀವು ಫಿಸಿಕ್ಸ್‌ನವರು. ಯಾವ್ದು ನಿಜ ಅಂತ ನೋಡ್ಬುಡಿ."

ಆ ಜಿಮ್ಮಿನಲ್ಲಿ ನನ್ನಿಂದಲೂ ಒಂದು ಉಪಯೋಗವಿದೆಯೆಂದು ಆವತ್ತೇ ಗೊತ್ತಾದದ್ದು. ಗೋಡೆಗೆ ಅಳತೆಯ ಗೆರೆ ಎಳೆದೆ. ಎದುರಿಗೆ ಫೋನ್ ನಿಲ್ಲಿಸಿ, ಒಂದೊಂದು ಚಿತ್ರವನ್ನೂ ಬಿಡಿಸಿ ನೋಡುವಂತೆ ವಿಡಿಯೊ ಇಟ್ಟೆ. ಪಟ್ಟಿ, ಡಬ್ಬಿ, ವಿಡಿಯೊ ಮೂರೂ ಒಂದೇ ಸಲ ಅಳೆಯಬೇಕು. ಮೊದಲು ನಾನೇ ಪಟ್ಟಿ ಕಟ್ಟಿ, ಖಾಲಿ ಸರಳು ಹೊತ್ತು ಎದ್ದೆ. ಪಟ್ಟಿಗೆ ಜೋಡಿಸಿದ್ದ ಆಫ್ರೀನಳ ಫೋನಿನಲ್ಲಿ ಏನೂ ಬರಲಿಲ್ಲ.

"ಮಿಸ್, ನೀವು ಎದ್ದಿದ್ದು ಪಟ್ಟಿಗೆ ಗೊತ್ತೇ ಆಗಿಲ್ಲ!" ಎಂದು ಆಫ್ರೀನ್ ಬಿದ್ದು ಬಿದ್ದು ನಕ್ಕಳು.

ಆಮೇಲೆ ಅವಳ ಸರದಿ. ಹಗುರ ಭಾರಕ್ಕೆ ಮೂರೂ ಒಂದೇ ಮಾತು ಹೇಳಿದವು. ಭಾರ ಏರಿ ಅವಳು ನಿಧಾನವಾದಂತೆಲ್ಲ ಡಬ್ಬಿ ಮತ್ತು ವಿಡಿಯೊ ಜೊತೆಯಾಗಿ ಇಳಿದವು. ಪಟ್ಟಿ ಮಾತ್ರ ಇಳಿಯಲಿಲ್ಲ. ಮತ್ತೊಂದು ದಿನ ನೋಡಿದರೂ ಅದೇ ಕಥೆ. ಸ್ಟಾಫ್ ರೂಮಿನಲ್ಲಿ ಕೂತು, ಪಟ್ಟಿಯ ಪರವಾಗಿ ಏನಾದರೂ ಸಿಗಲಿ ಎಂದು ವಿಡಿಯೊವನ್ನು ತಿರುಗಾಮುರುಗಾ ನೋಡಿದೆ. ಸಿಗಲಿಲ್ಲ.

ವಿಷಯ ಹೇಳಿದಾಗ ಆಫ್ರೀನ್ ನನ್ನನ್ನು ನೋಡಲೇ ಇಲ್ಲ. "ಸಾರ್, ಅದು ನೀವ್ ಕೊಟ್ಟಿದ್ದು," ಎಂದಳು.

"ನಾನ್ ಕೊಟ್ಟಿದ್ದು ಅಂತ ನಿನ್ ಮಂಡಿ ಹಾಳ್ ಮಾಡ್ಕೋತೀಯೇನಮ್ಮ? ಇಷ್ಟ್ ದಿನ ಜಾಸ್ತಿ ಎತ್ತಿದೀಯ. ಈ ಸಲದ ಸ್ಪರ್ಧೆ ಬುಡು."

ಅವಳು ಪಟ್ಟಿ ಬಿಚ್ಚಿ ನನ್ನ ಕೈಗಿಟ್ಟು ಹೊರಟುಹೋದಳು. ಆಮೇಲೆ ಕೆಲವು ದಿನ ಬರಲಿಲ್ಲ. ಸಾರ್ ದಿನಾ ಗುಬ್ಬಿ ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಅವಳು ಬಂದು, ಎಲ್ಲಕ್ಕಿಂತ ಹಗುರವಾದ ಭಾರ ಎತ್ತಿಕೊಂಡಳು. ಮುಂದಿನ ವರ್ಷ ರಾಜ್ಯಮಟ್ಟದಲ್ಲಿ ಮೂರನೆಯವಳಾದಳು. ಮಂಡಿಗೆ ಏನೂ ಆಗಲಿಲ್ಲ.

ಈಗ ಆಫ್ರೀನ್ ಗುಬ್ಬಿಯಲ್ಲಿ ಹೆಣ್ಣುಮಕ್ಕಳಿಗೆ ಭಾರ ಎತ್ತುವುದನ್ನು ಕಲಿಸುತ್ತಾಳೆ. ರುದ್ರೇಶ್ ಸಾರ್‌ಗೆ ಹೋದ ವರ್ಷ ಲಕ್ವ ಹೊಡೆಯಿತು. ಅವರನ್ನು ಆ ಸ್ಥಿತಿಯಲ್ಲಿ ನೋಡುವ ಧೈರ್ಯವಿಲ್ಲದೆ ನಾನು ಹೋಗುವುದನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದೆ. ಪಟ್ಟಿ ಸಿಕ್ಕ ದಿನ ಆಫ್ರೀನ್‌ಗೆ ಫೋನ್ ಮಾಡಿದೆ. "ನಾನು ಭಾನುವಾರ ಭಾನುವಾರ ಹೋಗಿ ಸಾರ್‌ಗೆ ವ್ಯಾಯಾಮ ಮಾಡಿಸ್ತೀನಿ. ನೀವೂ ಬನ್ನಿ ಮಿಸ್," ಎಂದಳು.

ಆ ಭಾನುವಾರ ಕುಣಿಗಲ್‌ನ ಮನೆಯ ಪಡಸಾಲೆಯಲ್ಲಿ ಸಾರ್ ಕುರ್ಚಿಯಲ್ಲಿ ಕೂತಿದ್ದರು. ತೀರಾ ಸಣ್ಣಗಾಗಿದ್ದರು. ಆಫ್ರೀನ್ ಎದುರಿಗೆ ನಿಂತು ಕೈ ಚಾಚಿದಳು.

"ಹಿಡ್ಕೊಳ್ಲಾ ಸಾರ್?"

"ಬ್ಯಾಡ. ದೂರ ನಿಂತ್ಕೊ."

ಕುರ್ಚಿಯ ತೋಳು ಒತ್ತಿ ಅವರು ಮೇಲೆದ್ದರು. ಕಾಲು ನಡುಗಿತು. ಆಫ್ರೀನಳ ಕೈಗಳು ಗಾಳಿಯಲ್ಲೇ ನಿಂತಿದ್ದವು, ಮುಟ್ಟಲಿಲ್ಲ. ಪೂರ್ತಿ ನೆಟ್ಟಗಾದ ಮೇಲೆ ಅವರು ನನ್ನನ್ನು ನೋಡಿ, ಅಡುಗೆಮನೆಯ ಕಡೆ ತೊದಲುತ್ತಲೇ ಕೂಗಿದರು: "ಮೇಡಂ ಬಂದವ್ರೆ. ಕಾಫಿ ಇಡು."