ಅಬ್ಬಲಿಗೆ ಮಡಿಯ ಕೆಳಗಿನ ವಾಲ್ವ್

ಮೂರು ವರ್ಷಗಳ ಹಿಂದಿನ ಮಾತು. ಆಗ ನಾನು ಬೆಳಗಾವಿ ನಗರದ ಒಂದು ಅಗ್ನಿಶಾಮಕ ಠಾಣೆಯ ಅಧಿಕಾರಿಯಾಗಿದ್ದೆ. ಅದಕ್ಕೂ ಮೊದಲು ಖಾನಾಪುರದಲ್ಲಿದ್ದೆ. ಅಲ್ಲಿ ಬೇಸಿಗೆಯಲ್ಲಿ ಬಣವೆಗಳಿಗೆ ಬೆಂಕಿ, ಮಳೆಗಾಲದಲ್ಲಿ ಮಲಪ್ರಭೆಯ ಸೆಳವು, ವರ್ಷವಿಡೀ ಬಾವಿಗೆ ಬಿದ್ದ ದನಕರು. ಬೆಳಗಾವಿಗೆ ಬಂದ ಮೇಲೆ ಉದ್ಯಮಬಾಗದ ಫೌಂಡ್ರಿಗಳು ನಮ್ಮ ವ್ಯಾಪ್ತಿಗೆ ಬಂದವು. ಕರಗಿದ ಕಬ್ಬಿಣ, ಎಣ್ಣೆಯ ಪೀಪಾಯಿ, ಬಣ್ಣದ ಗೋದಾಮುಗಳ ನಡುವೆ ಕೆಲಸ ಮಾಡಿದ್ದೇನೆ. ಆದರೂ ಇಡೀ ಸೇವಾವಧಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ, ನನಗೆ ನೆನಪಾಗುವುದು ರಸ್ತೆಬದಿಯ ಒಂದು ಹೂದೋಟ.

ಉದ್ಯಮಬಾಗಕ್ಕೆ ಅಂಟಿಕೊಂಡಿದ್ದ ಬಡಾವಣೆಯೊಂದರಲ್ಲಿ ಹತ್ತು-ಹದಿನೈದು ಮಂದಿ ಸೇರಿ ಭಾನುವಾರಕ್ಕೊಮ್ಮೆ ತೋಟದ ಕೆಲಸ ಮಾಡುತ್ತಿದ್ದರು. ಸಂಬಳವಿಲ್ಲ, ಸಂಘವೆಂಬ ಹೆಸರೂ ಇಲ್ಲ. ಜನ ಕಸ ಸುರಿಯುತ್ತಿದ್ದ ರಸ್ತೆಬದಿಯ ಉದ್ದನೆಯ ಪಟ್ಟಿಯನ್ನು ಹಸನು ಮಾಡಿ ದಾಸವಾಳ, ಮಲ್ಲಿಗೆ, ಅಬ್ಬಲಿಗೆ ಬೆಳೆಸಿದ್ದರು. ನೀರಿಗೆ ಸರದಿ ಇತ್ತು. ಒಂದು ವಾರ ಒಂದು ಮನೆಯ ನಲ್ಲಿ, ಮರುವಾರ ಇನ್ನೊಂದು ಮನೆಯದು. ಹೀಗಾಗಿ ಆ ಬೀದಿಯ ಎಲ್ಲ ಮನೆಗಳ ಒಳಹೊರಗೂ ಅವರಿಗೆ ಗೊತ್ತಿತ್ತು. ನಿವೃತ್ತ ಶಿಕ್ಷಕಿ ಪ್ರಭಾವತಿ ಅವರಲ್ಲಿ ಹಿರಿಯರು. ಎಲ್ಲರೂ ಪ್ರಭಾ ಟೀಚರ್ ಎನ್ನುತ್ತಿದ್ದರು. ಗುಂಡಿ ತೋಡುವ ಭಾರದ ಕೆಲಸ ವಿಲಾಸನದು. ಆತ ಕಾರ್ಖಾನೆಯಲ್ಲಿ ಲೇಥ್ ನಡೆಸುವವ, ಮನೆಮಾತು ಮರಾಠಿ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಜೂನ್ ತಿಂಗಳು. ಮೊದಲ ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಖಾನಾಪುರದ ನರ್ಸರಿಯಿಂದ ತಂದ ಹೊಂಗೆಯ ಸಸಿಗಳನ್ನು ನೆಡಲು ಅವರು ಆ ಭಾನುವಾರ ಬೆಳಿಗ್ಗೆ ಗುಂಡಿ ತೋಡುತ್ತಿದ್ದರು. ಠಾಣೆಯ ಫೋನು ರಿಂಗಾಯಿತು.

"ಸಾಹೇಬ್ರ, ಗ್ಯಾಸಿನ ಪೈಪ್ ಒಡದೈತ್ರಿ. ನನ್ನ ಕೈಯಾಗಿನ ಹಾರಿನ ಬಡದೈತ್ರಿ. ಸಪ್ಪಳ ಭಾಳ ಐತಿ, ಲಗೂ ಬರ್ರಿ."

ಅದು ವಿಲಾಸ. "ಎಷ್ಟು ದೂರ ನಿಂತೀಯಪಾ?" ಎಂದೆ.

"ಬಾಜೂನ ಅದೀನ್ರಿ."

"ಮೊದಲ ದೂರ ಸರಿ. ಅಲ್ಲಿ ಫೋನ್ ಹಿಡಕೊಂಡು ನಿಂದ್ರಬ್ಯಾಡ. ಹಾರಿ ಹೆಂಗೈತಿ ಹಂಗ ಬಿಡು, ಮುಟ್ಟಬ್ಯಾಡ."

ಅಲ್ಲಿಯ ಅಪಾಯವೇನೆಂದು ಓದುಗರಿಗೆ ಸ್ವಲ್ಪ ಹೇಳಬೇಕು. ಮನೆಯ ಸಿಲಿಂಡರಿನಲ್ಲಿರುವುದು ಎಲ್‌ಪಿಜಿ. ಅದು ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ. ಬೀದಿಯ ಕೆಳಗಿನ ಕೊಳವೆಗಳಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ಬಯಲಿನಲ್ಲಿ ಸೋರಿದರೆ ಮೇಲಕ್ಕೆ ಹೋಗಿ ಚದುರಿಬಿಡುತ್ತದೆ. ಆದರೆ ಮಣ್ಣಿನೊಳಗೆ ದಾರಿ ಹುಡುಕಿಕೊಂಡು, ಗಟಾರದ ಪೈಪಿನ ಸಂದಿಯಿಂದ ಮನೆಯೊಳಗೆ ಸೇರಿದರೆ ಛಾವಣಿಯಡಿ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ ಐದು ಪಾಲಾದರೆ ಸಾಕು, ಒಂದು ಕಿಡಿಗೆ ಮನೆಯೇ ಸಿಡಿಯುತ್ತದೆ. ಈ ಮಿತಿಗೆ ಎಲ್‌ಇಎಲ್ ಎನ್ನುತ್ತೇವೆ. ನಮ್ಮ ಕೈಯಲ್ಲಿರುವ ಗ್ಯಾಸ್ ಮೀಟರ್ ಆ ಮಿತಿಗೆ ಎಷ್ಟು ಹತ್ತಿರ ಬಂದಿದ್ದೇವೆ ಎಂಬುದನ್ನು ತೋರಿಸುತ್ತದೆ. ಅದು ನೂರು ತೋರಿಸಿತೆಂದರೆ ಕಿಡಿಯೊಂದೇ ಬಾಕಿ.

ಗಾಡಿಯನ್ನು ಗಾಳಿ ಬೀಸಿ ಬರುವ ಕಡೆ, ಬೀದಿಯ ತಿರುವಿನಲ್ಲೇ ನಿಲ್ಲಿಸಿ ಎಂಜಿನ್ ಬಂದ್ ಮಾಡಿಸಿದೆ. ಅಷ್ಟು ದೂರಕ್ಕೂ ಪ್ರೆಷರ್ ಕುಕ್ಕರ್ ಸೀಟಿ ನಿಲ್ಲದೆ ಕೂಗಿದಂತೆ ಸದ್ದು ಕೇಳುತ್ತಿತ್ತು. ಗುಂಡಿಯ ಸುತ್ತ ಮಣ್ಣು ಹಾರುತ್ತಿತ್ತು. ಹಾರೆ ನೆಟ್ಟಗೆ ನಿಂತಿತ್ತು. ತೂತಿನ ಮೇಲೆ ಗೋಣಿಚೀಲ ಒತ್ತಲೇ ಎಂದು ಯಾರೋ ಕೇಳಿದರು. ಬೇಡವೆಂದೆ. ಅದು ಪ್ಲಾಸ್ಟಿಕ್ ಕೊಳವೆ. ಅನಿಲ ರಭಸದಿಂದ ಹಾಯುವಾಗ ಅದರ ಮೇಲೆ ಸ್ಥಿರವಿದ್ಯುತ್ ಕೂಡಿಕೊಂಡಿರುತ್ತದೆ. ಮುಟ್ಟಿದ ಕೈಯಿಂದಲೇ ಕಿಡಿ ಹಾರಬಹುದು. ಸರಿಯಾದ ದಾರಿ ಒಂದೇ, ಅನಿಲ ಹರಿದು ಬರುವ ಕಡೆ ಇರುವ ಹಿಂದಿನ ವಾಲ್ವ್ ಮುಚ್ಚುವುದು. ಗ್ಯಾಸ್ ಕಂಪನಿಗೂ ವಿದ್ಯುತ್ ಕಂಪನಿಗೂ ದಾರಿಯಲ್ಲೇ ಫೋನ್ ಮಾಡಿದ್ದೆ. ಟ್ರಾನ್ಸ್‌ಫಾರ್ಮರಿನಲ್ಲೇ ಇಡೀ ಬೀದಿಯ ಕರೆಂಟ್ ತೆಗೆದರು.

ಮನೆ ಖಾಲಿ ಮಾಡಿಸಲು ನನ್ನ ಸಿಬ್ಬಂದಿಯ ಜೊತೆ ತೋಟದವರೇ ಮುಂದಾದರು. ಅವರಿಗೆ ನಾನು ಹೇಳಿದ್ದು ಎರಡೇ ಮಾತು. "ಬೆಲ್ ಒತ್ತಬ್ಯಾಡ್ರಿ, ಬಾಗಲಾ ಬಡೀರಿ. ಒಳಗ ಯಾರೂ ಸ್ವಿಚ್ ಮುಟ್ಟಬಾರದು." ಯಾವ ಮನೆಯಲ್ಲಿ ಬಾಣಂತಿ, ಯಾವ ಮನೆಯಲ್ಲಿ ಕಿವಿ ಕೇಳದ ಅಜ್ಜ ಎಂದು ಅವರಿಗೆ ಹೇಳಿಕೊಡಬೇಕಾಗಲಿಲ್ಲ. ಪಾರ್ಶ್ವವಾಯು ಬಡಿದ ಒಬ್ಬರನ್ನು ನಾಲ್ವರು ಕುರ್ಚಿಸಮೇತ ಎತ್ತಿ ತಂದರು.

ಅಷ್ಟರಲ್ಲಿ ಗ್ಯಾಸ್ ಕಂಪನಿಯ ತಂತ್ರಜ್ಞ ಇರ್ಫಾನ್ ಬಂದ. ವಾಲ್ವ್ ತಿರುಗಿಸುವ ಟಿ ಆಕಾರದ ಉದ್ದ ಕೀಲಿ ಅವನ ಹೆಗಲ ಮೇಲಿತ್ತು. ನಕಾಶೆ ನೋಡಿಕೊಂಡು ಫುಟ್‌ಪಾತಿನುದ್ದಕ್ಕೂ ಓಡಾಡಿದ. ನಕಾಶೆಯಲ್ಲಿ ಗುರುತಿಗೆ ಹಿಡಿದಿದ್ದ ಕಂಪೌಂಡು ಗೋಡೆಯನ್ನು ರಸ್ತೆ ಅಗಲ ಮಾಡುವಾಗ ಒಡೆದಿದ್ದರು. "ಸರ್, ಇಲ್ಲೇ ಎಲ್ಲೋ ಕಬ್ಬಿಣದ ಮುಚ್ಚಳ ಇರಬೇಕ್ರಿ. ಕಾಣವಲ್ತು," ಎಂದ. ಇದಕ್ಕೂ ಹಿಂದಿನ ವಾಲ್ವ್ ಮುಚ್ಚಬಹುದಲ್ಲ ಎಂದೆ. ಅದು ಬಹಳ ದೂರ, ಮುಚ್ಚಿದರೂ ನಡುವಿನ ಅಷ್ಟುದ್ದದ ಕೊಳವೆಯಲ್ಲಿರುವ ಅನಿಲವೆಲ್ಲ ಇಲ್ಲಿಂದಲೇ ಹೊರಬೀಳುತ್ತದೆ ಎಂದ. ಆದರೂ ತನ್ನ ಸಹಾಯಕನೊಬ್ಬನನ್ನು ಅಲ್ಲಿಗೆ ಕಳಿಸಿದ.

ನಾನು ಮೀಟರ್ ಹಿಡಿದು ಗುಂಡಿಗೆ ಎಲ್ಲಕ್ಕಿಂತ ಹತ್ತಿರವಿದ್ದ ಮನೆಯ ಬಾಗಿಲ ಸಂದಿಗೆ ಹೋದೆ. ಬೀಗ ಹಾಕಿತ್ತು. ಮೀಟರ್ ಇಪ್ಪತ್ತು ತೋರಿಸಿತು. ಸ್ವಲ್ಪ ಹೊತ್ತಿಗೆ ಮೂವತ್ತು. ಒಳಗೆ ತುಂಬಿಕೊಳ್ಳುತ್ತಿದೆ ಎಂದಾಯಿತು.

"ಈ ಮನಿಯಾಗ ಯಾರದಾರ?" ಎಂದು ತೋಟದವರನ್ನು ಕೇಳಿದೆ.

"ಮನೋಹರರಾವ್ ಅವರದ್ರಿ," ಎಂದ ವಿಲಾಸ. "ಗಂಡ-ಹೆಂಡತಿ ಇಬ್ಬರೂ ಖಾನಾಪುರಕ್ಕ ಹೋಗ್ಯಾರ. ಒಳಗ ಯಾರೂ ಇಲ್ರಿ." ನನಗೆ ಅರ್ಧ ಉಸಿರು ಬಂತು. ಆಗ ಅವನು ಮುಖ ಬಿಳಿಚಿಕೊಂಡು, "ಸಾಹೇಬ್ರ... ಅವರ ಮನಿಯಾಗ ನಂದಾದೀಪ ಐತ್ರಿ," ಎಂದ.

ದೂರ ಹೋಗಿ ಮನೋಹರರಾಯರಿಗೆ ಫೋನ್ ಮಾಡಿದೆವು. ಖಾನಾಪುರದ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಅವರಿಗೆ ಮೊದಲು ಏನೂ ಕೇಳಿಸಲಿಲ್ಲ. ಕೊನೆಗೆ, "ಹೌದ್ರಿ. ಎಣ್ಣಿ ತುಂಬಿಟ್ಟು ಬಂದೇವ್ರಿ. ಸಂಜಿತನಕ ಉರೀತೈತಿ," ಎಂದರು. ದೇವರ ಕೋಣೆ ಹಿಂಬದಿಗೆ, ಕಿಟಕಿ ತೆರೆದಿದೆ, ಬೆಕ್ಕು ಬಾರದಂತೆ ಜಾಳಿಗೆ ಹೊಡೆದಿದೆ ಎಂದೂ ಹೇಳಿದರು.

ಬಾಗಿಲು ಒಡೆಯುವಂತಿರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಅದೇ ಕಿಡಿ. ಬೆನ್ನಿಗೆ ಹೊರುವ ಸಿಲಿಂಡರಿನಿಂದ ನೀರನ್ನು ಮಂಜಿನಂತೆ ಚಿಮ್ಮಿಸುವ ನಾಝಲ್ ನಮ್ಮಲ್ಲಿತ್ತು. ಜಾಳಿಗೆಯ ಮೂಲಕ ಅದರಿಂದ ದೀಪ ಆರಿಸಬೇಕು. ಆದರೆ ಆರಿಸಲು ಹೋಗುವವನು ಕಿಟಕಿಯ ಮುಂದೆಯೇ ನಿಲ್ಲಬೇಕು. ಮನೆ ಸಿಡಿದರೆ ಮೊದಲ ಪೆಟ್ಟು ಅವನಿಗೆ. ನಾನು ಯಾರ ಹೆಸರನ್ನೂ ಹೇಳುವ ಮೊದಲೇ ನನ್ನ ಹಿರಿಯ ಫೈರ್‌ಮನ್ ಬಸವರಾಜ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಿದ್ದ. "ನಡ್ರಿ ಸರ್, ನೀವು ಮೀಟರ್ ನೋಡ್ರಿ, ನಾ ನೀರ ಬಿಡ್ತೀನಿ," ಎಂದ.

ಹಿತ್ತಲಿನಲ್ಲಿ ಇಬ್ಬರೂ ಗೋಡೆಗೆ ಅಂಟಿಕೊಂಡು ಸರಿದೆವು. ಮೀಟರ್ ನಲವತ್ತು. ಕಿಟಕಿಯಲ್ಲಿ ಇಣುಕಿದರೆ ಹಿತ್ತಾಳೆಯ ದೀಪಸ್ತಂಭದಲ್ಲಿ ದೀಪ ಶಾಂತವಾಗಿ ಉರಿಯುತ್ತಿತ್ತು. ಅಷ್ಟು ಸಣ್ಣ ಜ್ವಾಲೆಯನ್ನು ಕಂಡು ನನ್ನ ಬಾಯಿ ಒಣಗಿದ್ದು ಅದೇ ಮೊದಲು. ಬಸವರಾಜ ನಾಝಲ್ ಎತ್ತಿ ಒಂದೇ ಸಲ ಬಿಟ್ಟ. ಕೋಣೆಯೆಲ್ಲ ಮಂಜು ಕವಿಯಿತು. ಅದು ಇಳಿಯುವವರೆಗೆ ಇಬ್ಬರೂ ಕದಲಲಿಲ್ಲ. ಬತ್ತಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

"ದೀಪ ಶಾಂತ ಆತ್ರಿ," ಎಂದ ಬಸವರಾಜ. ದೀಪ 'ಆರಿತು' ಎನ್ನಲು ಆ ಹೊತ್ತಿನಲ್ಲೂ ಅವನಿಗೆ ಮನಸ್ಸು ಬಂದಿರಲಿಲ್ಲ.

ಆದರೆ ಅನಿಲ ನಿಂತಿರಲಿಲ್ಲ. ಪಕ್ಕದ ಮನೆಯಲ್ಲೂ ಮೀಟರ್ ಏರತೊಡಗಿತ್ತು. ಬೀದಿಯ ತಿರುವಿಗೆ ಮರಳಿದಾಗ ಒಬ್ಬ ನಿವಾಸಿ ತೋಟದವರ ಮೇಲೆ ಕೂಗಾಡುತ್ತಿದ್ದ. "ಯಾರ ಹೇಳಿದ್ರು ನಿಮಗ ತೋಡಾಕ? ಎಲ್ಲಾರನೂ ಪೊಲೀಸರಿಗೆ ಹಿಡದ ಕೊಡ್ತೀನಿ!" ಅವನ ಸಿಟ್ಟಿನಲ್ಲಿ ತಪ್ಪಿರಲಿಲ್ಲ, ಅವನ ಮನೆ ಆ ಸಾಲಿನಲ್ಲೇ ಇತ್ತು. ವಿಲಾಸ ತಲೆ ತಗ್ಗಿಸಿ ನಿಂತಿದ್ದ. ಪ್ರಭಾ ಟೀಚರ್ ಇರ್ಫಾನನ ಕಡೆ ನೋಡುತ್ತ ಎರಡು ಸಲ ಏನೋ ಹೇಳಲು ಹೋದರು. ಎರಡು ಸಲವೂ ಕೂಗಿಗೆ ಬೆದರಿ ಸುಮ್ಮನಾದರು.

ಆ ಮನುಷ್ಯನನ್ನು ಜನರ ಸಮೇತ ಹಿಂದಕ್ಕೆ ಕಳಿಸಿದೆ. ಹೆಲ್ಮೆಟ್ ತೆಗೆದು ಟೀಚರ ಮುಂದೆ ನಿಂತೆ. "ಅಕ್ಕಾರ, ಯಾರದು ತಪ್ಪು ಅಂತ ನಾ ಕೇಳಾಕ ಬಂದಿಲ್ಲ. ನಿಮಗ ಏನರ ಗೊತ್ತಿದ್ರ ಹೇಳ್ರಿ."

ಅವರ ಕಣ್ಣು ತುಂಬಿದವು. "ಆ ಮುಚ್ಚಳ ನಾವ ಮುಚ್ಚೇವ್ರಿ. ಹೋದ ವರ್ಷ ಅದರ ಮ್ಯಾಲೆ ಮಳಿನೀರು ನಿಂತು ಸೊಳ್ಳಿ ಆಗತಿದ್ವು. ಹಳೇ ಗಟಾರದ್ದು ಅನಕೊಂಡು ಮಣ್ಣು ಹಾಕಿ ಅಬ್ಬಲಿಗಿ ಹಚ್ಚಿದ್ವಿ. ಇವರು ಹುಡುಕೂದ ನೋಡಿದ ಮ್ಯಾಲೆ ತಿಳೀತ್ರಿ."

"ಮಡಿ ದೊಡ್ಡದೈತಿ. ಯಾವ ಕಡೆ?"

"ತೋರಿಸ್ತೀನಿ ಬರ್ರಿ."

ಅಪಾಯದ ಜಾಗಕ್ಕೆ ನಾಗರಿಕರನ್ನು ಬಿಡಬಾರದು ಎಂಬುದು ನಮ್ಮ ನಿಯಮ. ಅಬ್ಬಲಿಗೆ ಮಡಿ ಗುಂಡಿಗಿಂತ ಈಚೆಗಿತ್ತು, ಗಾಳಿ ನಮ್ಮ ಬೆನ್ನಿಗಿತ್ತು, ಮೀಟರ್ ಸೊನ್ನೆಯಲ್ಲಿತ್ತು. ಗಾಳಿ ತಿರುಗಿದ ಕ್ಷಣ ಎದ್ದು ಓಡಬೇಕೆಂದು ಹೇಳಿ ಟೀಚರನ್ನೂ ವಿಲಾಸನನ್ನೂ ಕರೆದುಕೊಂಡೆ. ಸಲಿಕೆ, ಗುದ್ದಲಿ ಯಾವುದೂ ಬೇಡ, ಬರಿಗೈ ಸಾಕೆಂದೆ.

ಟೀಚರ್ ಮೊಣಕಾಲೂರಿ, "ಇಲ್ಲಿ," ಎಂದು ಹೂಬಿಟ್ಟು ನಿಂತಿದ್ದ ಗಿಡವೊಂದನ್ನು ಬುಡಸಮೇತ ಕಿತ್ತು ಬದಿಗೆಸೆದರು. ಆಮೇಲೆ ಮತ್ತೊಂದು, ಮಗದೊಂದು. ವಿಲಾಸ, ಇರ್ಫಾನ್, ನಾನು ನಾಯಿ ನೆಲ ಕೆರೆದಂತೆ ಕೆರೆದೆವು. ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಂತಾಗಿದ್ದವು. ವಿಲಾಸನ ಉಗುರು ಸೀಳಿ ರಕ್ತ ಬರುತ್ತಿತ್ತು, ಅವನು ನೋಡಿಕೊಳ್ಳಲಿಲ್ಲ. ನಡುವೆ ಒಮ್ಮೆ ಗಾಳಿ ಬಿದ್ದು ಅನಿಲದ ವಾಸನೆ ಮೂಗಿಗೆ ಬಂತು. "ಎದ್ದೇಳ್ರಿ!" ಎಂದೆ. ಯಾರೂ ಏಳಲಿಲ್ಲ. ಅಷ್ಟರಲ್ಲೇ ವಿಲಾಸನ ಬೆರಳು ಗಟ್ಟಿ ಕಬ್ಬಿಣಕ್ಕೆ ತಾಗಿತು. "ಸಿಕ್ತು, ಸಿಕ್ತು!"

ಮುಚ್ಚಳಕ್ಕೆ ನೀರು ಸುರಿದು, ಹಸಿ ಗೋಣಿಯಿಂದ ಹಿಡಿದು ಮೇಲೆತ್ತಿದೆವು. ಇರ್ಫಾನ್ ಕೀಲಿ ಇಳಿಸಿ ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸಿದ. ಸದ್ದು ನಿಲ್ಲಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಪೈಪಿನಾಗ ಉಳದಿದ್ದು ಹೋಗಬೇಕ್ರಿ," ಎಂದ ಇರ್ಫಾನ್, ತನಗೇ ಹೇಳಿಕೊಳ್ಳುವವನಂತೆ. ಸೀಟಿ ಮೆಲ್ಲಗೆ ಉಸಿರಾಯಿತು, ಉಸಿರು ಕುಂದಿತು, ಕೊನೆಗೆ ದೂರದ ರಸ್ತೆಯ ಬಸ್ಸಿನ ಹಾರ್ನ್ ಕೇಳಿಸಿತು. ವಿಲಾಸ ಕಿತ್ತ ಗಿಡಗಳ ನಡುವೆ ಕುಳಿತು ಬಿಕ್ಕಿಬಿಕ್ಕಿ ಅತ್ತ.

ಮನೆಗಳಿಗೆಲ್ಲ ಗಾಳಿಯಾಡಿಸಿ, ಪ್ರತಿ ಕೋಣೆಯಲ್ಲೂ ಮೀಟರ್ ಸೊನ್ನೆಗೆ ಬಂದ ಮೇಲೆಯೇ ಜನರನ್ನು ಒಳಗೆ ಬಿಟ್ಟೆವು. ಮಧ್ಯಾಹ್ನ ಮನೋಹರರಾಯರು ಬಂದರು. ನೀರು ತೊಟ್ಟಿಕ್ಕುತ್ತಿದ್ದ ದೇವರ ಕೋಣೆ ನೋಡಿ, ಹೊರಗೆ ಬಂದು ತೋಟದವರಿಗೆ ಬಾಯಿಗೆ ಬಂದಂತೆ ಬೈದರು. ಮುಂದೆ ಎರಡು ತಿಂಗಳು ಆ ಪಟ್ಟಿಯಲ್ಲಿ ಯಾರೂ ಕೆಲಸ ಮಾಡಲಿಲ್ಲ. ತೋಟವೇ ಬೇಡವೆಂದು ಬೀದಿಯಲ್ಲಿ ಮಾತೂ ಎದ್ದಿತ್ತು. ಕಂಪನಿಯವರು, ಬೀದಿಯವರು ಕೂಡಿ ಕುಳಿತಾಗ ನನ್ನನ್ನೂ ಕರೆದಿದ್ದರು. ಕಂಪನಿಯವರು ಕೊಳವೆಯ ಮೇಲೆ ಗುರುತಿನ ಕಲ್ಲು ನಿಲ್ಲಿಸಲು ಒಪ್ಪಿದರು. ಅವರನ್ನು ಕೇಳದೆ ನೆಲಕ್ಕೆ ಹಾರೆ ಇಳಿಸುವುದಿಲ್ಲ ಎಂದು ಟೀಚರ್ ಎಲ್ಲರೆದುರು ಮಾತು ಕೊಟ್ಟರು. ಮನೋಹರರಾಯರು "ಮುಂದಿನ ವಾರ ನೀರಿನ ಪಾಳಿ ನಮ್ಮದು," ಎಂದಷ್ಟೇ ಹೇಳಿ ಎದ್ದು ಹೋದರು.

ಈಗ ನಿವೃತ್ತನಾಗಿದ್ದೇನೆ. ಹೊಸದಾಗಿ ಇಲಾಖೆಗೆ ಸೇರಿದವರಿಗೆ ಪಾಠ ಹೇಳಲು ಆಗೊಮ್ಮೆ ಈಗೊಮ್ಮೆ ಕರೆಯುತ್ತಾರೆ. ಪಂಪು, ನಾಝಲ್, ಮೀಟರ್‌ಗಳ ಬಗ್ಗೆ ಅವರು ನನಗಿಂತ ಚೆನ್ನಾಗಿ ಕಲಿತಿರುತ್ತಾರೆ. ನಾನು ಹೇಳುವುದು ಬೇರೆ. ಅವಘಡದ ಜಾಗದಲ್ಲಿ ತಲೆ ತಗ್ಗಿಸಿ ನಿಂತವರು ಯಾರೆಂದು ಮೊದಲು ನೋಡಿ. ಏನು, ಎಲ್ಲಿ, ಹೇಗಾಯಿತು ಎಂಬುದು ಬಹಳ ಸಲ ಅವರೊಬ್ಬರಿಗೇ ಗೊತ್ತಿರುತ್ತದೆ. ವಿಲಾಸ ಹೆದರಿ ಓಡಿಹೋಗಿದ್ದರೆ, ಟೀಚರ್ ಹೆದರಿ ಬಾಯಿ ಮುಚ್ಚಿಕೊಂಡೇ ಇದ್ದಿದ್ದರೆ, ಆ ಬೀದಿಯಲ್ಲಿ ಎಷ್ಟು ಮನೆ ಉಳಿಯುತ್ತಿದ್ದವೋ ನನಗೆ ತಿಳಿಯದು. ಬೈಯುವವರು ಆಮೇಲೆ ಬೇಕಾದಷ್ಟು ಜನ ಬರುತ್ತಾರೆ. ಸಮಯವಿರುವಾಗ ಕೇಳಿಸಿಕೊಳ್ಳುವವರು ಬೇಕು.