ಹೊನ್ನಾಳಿಯಲ್ಲಿ ನಾನು ಒಪ್ಪಿಕೊಂಡ ತಪ್ಪು

“ಯಾರ ಪೈಕಿ ನೀವು?”

ಹೊನ್ನಾಳಿಯಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು ಕೇಳಿದ್ದು ಹೆಸರನ್ನಲ್ಲ, ಇದನ್ನು. ಬಾಡಿಗೆ ಕೋಣೆ ಹುಡುಕುತ್ತ, ಕೈಯಲ್ಲಿ ಸೂಟ್‌ಕೇಸ್ ಹಿಡಿದು ಗೌರಮ್ಮನವರ ಬಾಗಿಲಲ್ಲಿ ನಿಂತಿದ್ದೆ. ಪೈಕಿ ಎಂದರೆ ಇಲ್ಲಿ ಜಾತಿಯೂ ಹೌದು, ಬಂಧುಬಳಗವೂ ಹೌದು ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಅವರ ಹಣೆಯಲ್ಲಿ ವಿಭೂತಿ ಇತ್ತು. ನನ್ನ ಹಣೆ ಖಾಲಿ.

“ಕ್ರಿಶ್ಚಿಯನ್ನರು” ಎಂದೆ. ಯಾಕೋ ದನಿ ತಗ್ಗಿತ್ತು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮೀನು ಗೀನು ಮಾಡಂಗಿಲ್ಲ ನೋಡ್ರಿ. ಉಳಿದಿದ್ದು ನಿಮ್ಮ ದೇವರು, ನಿಮ್ಮ ಪೂಜೆ.”

ಬೆಳ್ತಂಗಡಿ ಕಡೆಯ ನಮ್ಮ ಊರಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ಹೆಸರು ಲವೀನಾ ಎಂದರೆ ಸಾಕು, ಇಗರ್ಜಿಯ ಯಾವ ವಾಳೆಯವಳು, ಯಾವ ಕೇರಿಯವಳು ಎನ್ನುವುದೂ ಗೊತ್ತಾಗುತ್ತದೆ. ಇಗರ್ಜಿಯ ಗಂಟೆ ಬಾರಿಸಿದಾಗ ಎಲ್ಲರ ಜೊತೆ ನಾನೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದೆ. ಅಲ್ಲಿ ನನ್ನ ನಂಬಿಕೆಯನ್ನು ಊರೇ ಹೊತ್ತುಕೊಂಡಿತ್ತು. ಇಲ್ಲಿ ಕೊಂಕಣಿಯಲ್ಲಿ ಒಂದು ಪ್ರಾರ್ಥನೆ ಕೇಳಬೇಕೆಂದರೂ ಮೊಬೈಲೇ ಗತಿ. ಭಾನುವಾರ ರಜೆ ಸಿಕ್ಕರೆ ಶಿವಮೊಗ್ಗದ ಬಸ್ಸು ಹತ್ತಿ ಅಲ್ಲಿನ ಇಗರ್ಜಿಯ ಪೂಜೆಗೆ ಹೋಗುತ್ತಿದ್ದೆ. ಸಿಗದ ಭಾನುವಾರಗಳೇ ಹೆಚ್ಚು.

ನನ್ನ ಕೆಲಸ ಆಸ್ಪತ್ರೆಯೊಂದರ ಡಯಾಲಿಸಿಸ್ ಕೋಣೆಯಲ್ಲಿ. ಕಿಡ್ನಿ ಸೋತವರ ರಕ್ತವನ್ನು ಯಂತ್ರದಲ್ಲಿ ಹರಿಸಿ, ಶುದ್ಧ ಮಾಡಿ, ಮೈಯಲ್ಲಿ ಕೂಡಿದ ನೀರನ್ನು ಎಳೆದು ತೆಗೆಯುವ ಕೆಲಸ. ಎಲ್ಲರೂ ನನ್ನನ್ನು ‘ಸಿಸ್ಟರ್’ ಎನ್ನುತ್ತಿದ್ದರು. ನಮ್ಮಲ್ಲಿ ಸಿಸ್ಟರ್ ಎಂದರೆ ಕನ್ಯಾಸ್ತ್ರೀ. ಮೊದಲ ವಾರವೆಲ್ಲ ಯಾರಾದರೂ ಹಾಗೆ ಕರೆದಾಗ ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತಿದ್ದೆ. ಕುಚ್ಚಲಕ್ಕಿ ಗಂಜಿಗೆ ಹೊಟ್ಟೆ ಹಂಬಲಿಸುತ್ತಿತ್ತು, ಜೋಳದ ರೊಟ್ಟಿಗೆ ದವಡೆ ನೋಯುತ್ತಿತ್ತು. ನಾನು ‘ಉಂಟು’ ಎಂದರೆ ರೋಗಿಗಳು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು.

ಮೂರನೆಯ ಮಂಚ ಸಾಸ್ವೆಹಳ್ಳಿಯ ರುದ್ರಪ್ಪನವರದು. ವಾರಕ್ಕೆ ಎರಡು ದಿನ ಮಗ ಮಲ್ಲೇಶ ಬೈಕಿನಲ್ಲಿ ಕರೆತರುತ್ತಿದ್ದ. ಮಲಗುವ ಮೊದಲು ರುದ್ರಪ್ಪನವರು ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದರು, ಆಮೇಲೆ ತೋಳು ಚಾಚುತ್ತಿದ್ದರು. ಯಾರು ನೋಡುತ್ತಿದ್ದಾರೆ ಎಂಬ ಅಳುಕು ಅವರಿಗಿರಲಿಲ್ಲ.

ಒಂದು ದಿನ ಕೇಳಿದರು, “ಸೂಜಿ ಹಾಕೋವಾಗ ನಿಮ್ಮ ತುಟಿ ಅಲ್ಲಾಡ್ತಾವಲ್ಲ ಸಿಸ್ಟರ್, ಏನು ಅಂತೀರಿ?”

ಯೇಸುವೇ, ಕೈ ನಡುಗದಿರಲಿ. ಅದನ್ನೇ ಹೇಳಿಕೊಳ್ಳುತ್ತಿದ್ದೆ. ಆದರೆ ಬಾಯಿಗೆ ಬಂದದ್ದು ಬೇರೆ. “ಏನಿಲ್ಲ, ಲೆಕ್ಕ ಹಾಕ್ತೇನೆ.”

ಅವರು ತಲೆಯಾಡಿಸಿದರು. ಆ ಸುಳ್ಳು ಎಷ್ಟೋ ದಿನ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಯಾರೂ ನನ್ನನ್ನು ಬೆದರಿಸಿರಲಿಲ್ಲ. ಕೇಳಿದವರು ನೆಟ್ಟಗೆ ಕೇಳಿದ್ದರು. ಮುಚ್ಚಿಟ್ಟವಳು ನಾನೇ.

ಮಳೆಗಾಲ ಮುಗಿಯುವ ಹೊತ್ತಿಗೆ ಅದು ನಡೆಯಿತು. ಯಂತ್ರ ಶುರುವಾಗಿ ಒಂದು ಗಂಟೆ ಕಳೆದಿತ್ತು. ರುದ್ರಪ್ಪನವರು ಇದ್ದಕ್ಕಿದ್ದಂತೆ ಬೆವೆತು, ಕಣ್ಣು ಮೇಲೆ ಮಾಡಿ, ಮಾತಿಲ್ಲದೆ ಕುಸಿದರು. ಬಿ.ಪಿ. ಪೂರ್ತಿ ಇಳಿದಿತ್ತು. ಯಂತ್ರ ನೀರು ತೆಗೆಯುವುದನ್ನು ನಿಲ್ಲಿಸಿ, ಅವರ ಕಾಲೆತ್ತಿ, ಸಲೈನ್ ಬಿಟ್ಟೆ. ಡಾಕ್ಟರು ಓಡಿ ಬಂದರು. ಕೊನೆಗೆ ರುದ್ರಪ್ಪನವರು ಕಣ್ಣು ಬಿಟ್ಟು ನೀರು ಕೇಳಿದರು.

ಮಲ್ಲೇಶ ಒಳಗೆ ಬಂದವನೇ ಅಪ್ಪನ ಮೇಲೆ ರೇಗಿದ. “ತಿಂಡಿ ತಿನ್ನದೆ ಬರಬ್ಯಾಡ ಅಂತ ಎಷ್ಟು ಸಲ ಹೇಳಿದೀನಿ. ನಿನಗೆ ಹೆಂಗೆ ಹೇಳಿದ್ರೂ ಅಷ್ಟೇ.”

“ನಂದೇ ತಪ್ಪಪ್ಪ, ಬಿಡು” ಎಂದರು ರುದ್ರಪ್ಪನವರು, ಮಗುವಿನ ಹಾಗೆ.

ಆಗ ನಾನು ಯಂತ್ರದ ಪರದೆ ನೋಡಿದೆ. ತೆಗೆಯಬೇಕಾದ ನೀರಿನ ಅಳತೆ ಅವರದ್ದಲ್ಲ, ಪಕ್ಕದ ಮಂಚದ ನ್ಯಾಮತಿಯ ರೋಗಿಯದ್ದು. ಎಷ್ಟು ನೀರು ತೆಗೆಯಬೇಕೆಂದು ತಿಳಿಯಲು ಇಬ್ಬರ ತೂಕವನ್ನೂ ಬರೆದುಕೊಂಡು ಬರುವಾಗ ಅದಲುಬದಲು ಮಾಡಿದ್ದೆ. ರುದ್ರಪ್ಪನವರ ಮೈಯಿಂದ ಬೇಕಾದ್ದಕ್ಕಿಂತ ಹೆಚ್ಚು ನೀರು ಹೋಗಿತ್ತು. ಪಕ್ಕದವರಿಗೆ ಹೋದದ್ದು ಕಡಿಮೆ ಅಳತೆ, ಅವರಿಗೆ ತೊಂದರೆಯಾಗಿರಲಿಲ್ಲ. ಎರಡು ಗುಂಡಿ ಒತ್ತಿ ಸರಿಮಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಡಾಕ್ಟರು ಆಗಲೇ ಬಾಗಿಲ ಹತ್ತಿರ ಹೋಗಿದ್ದರು.

“ಸರ್, ನಿಲ್ಲಿ. ತಪ್ಪು ಅವರದ್ದಲ್ಲ” ಎಂದೆ. ಉಳಿದದ್ದನ್ನು ಮಲ್ಲೇಶನ ಮುಖ ನೋಡಿಯೇ ಹೇಳಿದೆ.

ಅವನು ಮಂಚಕ್ಕೂ ನನಗೂ ನಡುವೆ ಬಂದು ನಿಂತ. “ಇನ್ಮ್ಯಾಲೆ ನಮ್ಮಪ್ಪನ್ನ ನೀವು ಮುಟ್ಟಬ್ಯಾಡ್ರಿ” ಎಂದ.

ನನಗೆ ನೋಟಿಸ್ ಬಂತು, ಉತ್ತರ ಬರೆದುಕೊಟ್ಟೆ. ಮೂರನೆಯ ಮಂಚವನ್ನು ಜೊತೆಯವಳು ನೋಡಿಕೊಂಡಳು. ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಗೌರಮ್ಮನವರು ರೊಟ್ಟಿ ತಟ್ಟುತ್ತ ಕೇಳಿದರು, “ಯಾರೂ ನೋಡಿರಲಿಲ್ಲಂತಲ್ಲ. ಹೇಳಾಕೆ ಯಾಕೆ ಹೋದ್ರಿ?”

“ನಮ್ಮ ಯೇಸು ನೋಡ್ತಾ ಇದ್ದ” ಎಂದೆ. ಈ ಊರಿಗೆ ಬಂದ ಮೇಲೆ ಆ ಹೆಸರನ್ನು ಇನ್ನೊಬ್ಬರೆದುರು ಹೇಳಿದ್ದು ಅದೇ ಮೊದಲು. ಗೌರಮ್ಮನವರು ಬಿಸಿ ರೊಟ್ಟಿಯೊಂದನ್ನು ನನ್ನ ತಟ್ಟೆಗೆ ಹಾಕಿದರು.

ಐದು ವಾರ ರುದ್ರಪ್ಪನವರು ಬಂದು ಹೋದರು. ನಾನು ಕೋಣೆಯ ಈ ತುದಿಯಲ್ಲಿದ್ದೆ, ಅವರು ಆ ತುದಿಯಲ್ಲಿ. ಆರನೆಯ ವಾರ ಮಂಚ ಹತ್ತದೆ ನಿಂತು ನನ್ನ ಕಡೆ ಕೈ ತೋರಿದರು. “ಸೂಜಿ ಆ ಸಿಸ್ಟರೇ ಹಾಕ್ಲಿ. ತಪ್ಪಾದ್ರೆ ಹೇಳ್ತಾರೆ ಅನ್ನೋ ಧೈರ್ಯ ಐತೆ ನನಗೆ.” ಮಲ್ಲೇಶ ಬಾಗಿಲಾಚೆ ಮುಖ ತಿರುಗಿಸಿದ. ಅವನು ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ಅವನನ್ನು ದೂರಲಾರೆ. ಅಂದು ತೂಕವನ್ನು ಮೂರು ಸಲ ನೋಡಿದೆ. ಈಗಲೂ ಮೂರು ಸಲ ನೋಡುತ್ತೇನೆ, ಆದರೂ ನಿಶ್ಚಿಂತೆ ಇಲ್ಲ.

ಕ್ರಿಸ್ಮಸ್ಸಿಗೆ ಊರಿಗೆ ಬಂದೆ. ಇಗರ್ಜಿ ತುಂಬ ನಮ್ಮವರು, ನಮ್ಮ ಹಾಡು. ಎಷ್ಟೋ ತಿಂಗಳಿಂದ ಬೇಡಿಕೊಂಡಿದ್ದೆಲ್ಲ ಒಟ್ಟಿಗೆ ಸಿಕ್ಕಿತ್ತು. ಆದರೆ ಮೊಣಕಾಲೂರಿದಾಗ ಹೊನ್ನಾಳಿಯ ಯಂತ್ರಗಳ ಸದ್ದೇ ಕಿವಿಯಲ್ಲಿ. ಮಂಗಳೂರಿನಲ್ಲಿ ಕೆಲಸವಿದೆ ಎಂದು ಅಣ್ಣ ಅರ್ಜಿ ತಂದಿಟ್ಟಿದ್ದ. ತುಂಬಲೂ ಇಲ್ಲ, ಹರಿಯಲೂ ಇಲ್ಲ, ಚೀಲದಲ್ಲಿ ಹಾಕಿಕೊಂಡೆ.

ಹೊರಡುವ ದಿನ ಅಮ್ಮ ಬಸ್ ನಿಲ್ದಾಣದ ತನಕ ಬಂದಳು.

“ಮನೆ ಮುಟ್ಟಿದ ಮೇಲೆ ಫೋನ್ ಮಾಡ್ತೇನೆ” ಎಂದೆ.

“ಅದು ಮನೆಯಾದರೆ, ಮತ್ತೆ ಈಗ ಎಲ್ಲಿಂದ ಹೊರಟದ್ದು ನೀನು?” ಎಂದು ಅಮ್ಮ ಕೊಂಕಣಿಯಲ್ಲಿ ಕೇಳಿದಳು.

ಬಸ್ಸು ಚಲಿಸಿತು. ಕಿಟಕಿಯಿಂದ ಕೈ ಬೀಸಿದೆ. ಘಾಟಿ ಹತ್ತುವಾಗ ಅಣ್ಣ ಕೊಟ್ಟ ಅರ್ಜಿಯನ್ನು ಚೀಲದಿಂದ ತೆಗೆದು ನೋಡಿ, ಮಡಚಿ, ಮತ್ತೆ ಒಳಗೇ ಇಟ್ಟೆ.